ನಮ್ ಸ್ಕೂಲಿನ ಲೆಕ್ಕ, ಪಕ್ಕದೂರುಗಳ ಸ್ಕೂಲಿನ ಲೆಕ್ಕ: ಪಕ್ಕಪಕ್ಕ ಇಟ್ಟು ನೋಡಿದ್ದು

ನಮ್ಮೂರ ಸರ್ಕಾರಿ ಸ್ಕೂಲಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಪ್ರತಿ ಸಲ ಬರೋ ಮಾತು ಒಂದಿದೆ, "ಪಕ್ಕದೂರ ಸ್ಕೂಲಿಗೆ ಎಲ್ಲಾ ಕೊಡ್ತಾವ್ರೆ, ನಮಗೆ ಮಾತ್ರ ಏನೂ ಇಲ್ಲ". ಪಕ್ಕದೂರಲ್ಲಿ ವಿಚಾರಿಸಿದ್ರೆ ಅಲ್ಲೂ ಇದೇ ಮಾತಂತೆ, ಬೈಸ್ಕೊಳ್ಳೋ ಊರು ಮಾತ್ರ ನಮ್ದು. ನಾನು ಹಾಲಿನ ಡೇರಿ ಸೆಕ್ರೆಟರಿ, ಬೆಳಗ್ಗೆ ಸಂಜೆ ಲೆಕ್ಕದಲ್ಲೇ ಮುಳುಗಿರೋನು, ಮಗಳು ಅದೇ ಸ್ಕೂಲಲ್ಲಿ ಐದನೇ ಕ್ಲಾಸು, ಪೋಷಕರ ಕಡೆಯಿಂದ ಸದಸ್ಯ ಬೇರೆ ಮಾಡಿದಾರೆ. ಸರಿ, ನಿಜವಾಗ್ಲೂ ಯಾರಿಗೆ ಎಷ್ಟು ಬರುತ್ತೆ, ಎಷ್ಟು ಜನ ಮೇಷ್ಟ್ರು ಇದಾರೆ ಅಂತ ಒಂದು ಸಲ ಕೂತ್ಕೊಂಡು ನೋಡೇಬಿಡೋಣ ಅಂದೆ. ನಮ್ ಅಧ್ಯಕ್ಷಣ್ಣ "ನೋಡಪ್ಪ, ನಿಂಗೆ ಪುರುಸೊತ್ತಿದ್ರೆ" ಅಂದ್ರು. ಸ್ಕೂಲಿನ ಹೆಡ್ ಮೇಡಂ ಮಾತ್ರ ಖುಷಿಯಾದ್ರು, "ನೋಡಿ ಸಾರ್, ನಂಗೂ ಒಂದು ಉಪಕಾರ ಆಗುತ್ತೆ" ಅಂತ ಬೀರು ಬೀಗ ತೆಗೆದು ಕ್ಯಾಶ್ ಬುಕ್ಕೇ ಕೈಗೆ ಕೊಟ್ರು.

ಈ ಯೋಚನೆ ತಲೆಗೆ ಬರೋಕೆ ಇನ್ನೊಂದು ಕಾರಣ ನಮ್ ಚಿಕ್ಕಪ್ಪನ ಮಗ. ಅವನು ಇಂಗ್ಲೆಂಡಲ್ಲಿದಾನೆ, ಅಲ್ಲಿ ಮಗನ ಸ್ಕೂಲಿಗೆ ಗವರ್ನರ್ ಅಂತೆ, ಹೆಸರು ಕೇಳಿ ನಾವೆಲ್ಲ ಹೆದರಿದ್ವಿ, ಆಮೇಲೆ ನೋಡಿದ್ರೆ ನಮ್ ಎಸ್‌ಡಿಎಂಸಿ ಮೆಂಬರ್ ಥರಾನೇ, ಸಂಬಳನೂ ಇಲ್ಲ. ಅಲ್ಲಿನ ಶಿಕ್ಷಣ ಇಲಾಖೆ ವೆಬ್‌ಸೈಟಲ್ಲಿ ಸ್ಕೂಲಿನ ಹೆಸರು ಹಾಕಿದ್ರೆ ಸಾಕು, ಅದೇ ಥರದ ಮೂವತ್ತು ಸ್ಕೂಲುಗಳನ್ನ ತಾನೇ ಹುಡುಕಿ ಪಕ್ಕಕ್ಕೆ ತಂದಿಡುತ್ತೆ. ಮಕ್ಕಳ ಸಂಖ್ಯೆ, ಬಡತನದಿಂದಾಗಿ ಪುಕ್ಕಟೆ ಊಟ ತಗೊಳ್ಳೋ ಮಕ್ಕಳು ಎಷ್ಟು, ವಿಶೇಷ ಅಗತ್ಯ ಇರೋ ಮಕ್ಕಳು ಎಷ್ಟು, ಇದನ್ನೆಲ್ಲ ನೋಡಿ ಜೋಡಿ ಮಾಡುತ್ತೆ. ಆಮೇಲೆ ಒಂದೊಂದು ಮಗುವಿಗೆ ಟೀಚರ್ ಖರ್ಚು ಎಷ್ಟು, ಕರೆಂಟ್ ಖರ್ಚು ಎಷ್ಟು, ಬಿಲ್ಡಿಂಗ್ ರಿಪೇರಿ ಎಷ್ಟು ಅಂತ ಪಟ್ಟಿ. ನಮಗೆ ಹಾಗೆ ಜೋಡಿ ಮಾಡಿ ಕೊಡೋರು ಯಾರೂ ಇಲ್ಲ, ಕೈಯಲ್ಲೇ ಮಾಡ್ಕೋಬೇಕು, ಆದ್ರೆ ಮಾಹಿತಿ ಏನೂ ಗುಟ್ಟಲ್ಲ. ಯು-ಡೈಸ್ ಪ್ಲಸ್ ಅಂತ ಕೇಂದ್ರ ಸರ್ಕಾರದ ವ್ಯವಸ್ಥೆ ಇದೆಯಲ್ಲ, ಅದರಲ್ಲಿ ದೇಶದ ಪ್ರತಿ ಸ್ಕೂಲಿಗೂ ಹನ್ನೊಂದು ಅಂಕಿ ಕೋಡು, ಮೊದಲ ಎರಡು ಅಂಕಿ ರಾಜ್ಯ, ನಮ್ಮದು 29. "ನೋ ಯುವರ್ ಸ್ಕೂಲ್" ಅನ್ನೋ ಪುಟಕ್ಕೆ ಹೋಗಿ ಜಿಲ್ಲೆ, ಬ್ಲಾಕು, ಊರು ಅಂತ ಒತ್ತುತ್ತಾ ಹೋದ್ರೆ ರಿಪೋರ್ಟ್ ಕಾರ್ಡ್ ಸಿಗುತ್ತೆ, ಯಾವ ಕ್ಲಾಸಲ್ಲಿ ಎಷ್ಟು ಮಕ್ಕಳು, ಟೀಚರ್ ಎಷ್ಟು, ರೂಮು, ಟಾಯ್ಲೆಟ್ಟು, ಗ್ರಾಂಟ್ ಬಂದಿದ್ದೆಷ್ಟು ಖರ್ಚಾಗಿದ್ದೆಷ್ಟು, ಎಲ್ಲಾ.

ತುಮಕೂರು ಕಡೆಯವರು ಹುಡುಕ್ತೀರಾದ್ರೆ ಒಂದು ಮಾತು. ಕಂದಾಯ ಲೆಕ್ಕದಲ್ಲಿ ನಮ್ದು ಹತ್ತು ತಾಲ್ಲೂಕಿನ ಒಂದೇ ಜಿಲ್ಲೆ, ಶಿಕ್ಷಣ ಇಲಾಖೆಗೆ ಮಾತ್ರ ಎರಡು ಜಿಲ್ಲೆ. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ನಾಲ್ಕೂ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ್ದು, ಉಳಿದ ಆರು ತುಮಕೂರಿಗೆ. ತುಮಕೂರು ಅಂತ ಒತ್ತಿ ಪಾವಗಡದ ಸ್ಕೂಲು ಹುಡುಕ್ತಾ ಕೂತ್ರೆ ರಾತ್ರಿ ಆಗುತ್ತೆ ಅಷ್ಟೇ.

ಈಗ ಮುಖ್ಯ ವಿಷಯ, ಯಾರ ಜೊತೆ ಹೋಲಿಸೋದು. ಮೀಟಿಂಗಲ್ಲಿ ಎಲ್ಲರ ಬಾಯಲ್ಲಿ ಇದ್ದಿದ್ದು ಹೋಬಳಿ ಕೇಂದ್ರದ ಸ್ಕೂಲು, ಅಲ್ಲಿ ಸ್ಮಾರ್ಟ್ ಬೋರ್ಡ್ ಐತೆ, ಅಲ್ಲಿ ಪಿಟಿ ಮೇಷ್ಟ್ರು ಅವ್ರೆ ಅಂತ. ನಾನು ಆಗಲ್ಲ ಅಂದೆ. ಅಲ್ಲಿ ಮುನ್ನೂರರ ಮೇಲೆ ಮಕ್ಕಳು, ಜೊತೆಗೆ 2019ರಲ್ಲಿ ಸರ್ಕಾರ ಸಾವಿರ ಸ್ಕೂಲಲ್ಲಿ ಇಂಗ್ಲಿಷ್ ಮೀಡಿಯಂ ಶುರು ಮಾಡ್ತಲ್ಲ, ಅದರಲ್ಲಿ ಅದೂ ಒಂದು, ಸುತ್ತ ಎಂಟು ಹಳ್ಳಿ ಮಕ್ಕಳು ಆಟೋ ಹತ್ಕೊಂಡು ಅಲ್ಲಿಗೇ ಹೋಗ್ತಾರೆ. ಅದರ ಜೊತೆ ನಮ್ದು ಹೋಲಿಸೋದು ಅಂದ್ರೆ ಎಮ್ಮೆ ಹಾಲಿನ ಫ್ಯಾಟ್ ತೋರಿಸಿ ಎಚ್‌ಎಫ್ ಹಸು ಇಟ್ಕೊಂಡಿರೋನ್ನ ಬೈದ ಹಾಗೆ. ನಮ್ದು ಒಂದರಿಂದ ಏಳರ ತನಕ ಇರೋ ಹಿರಿಯ ಪ್ರಾಥಮಿಕ, ಕನ್ನಡ ಮೀಡಿಯಂ, 97 ಮಕ್ಕಳು. ಹಾಗಾಗಿ ಒಂದರಿಂದ ಏಳು, ಹಳ್ಳಿ, ಕನ್ನಡ ಮೀಡಿಯಂ ಮಾತ್ರ, ಎಂಬತ್ತರಿಂದ ನೂರಿಪ್ಪತ್ತು ಮಕ್ಕಳು, ಇಷ್ಟಕ್ಕೆ ಹೊಂದೋ ಎಂಟು ಸ್ಕೂಲು ತಾಲ್ಲೂಕಿನೊಳಗೇ ಆರಿಸಿದೆ. ಒಂದೇ ತಾಲ್ಲೂಕು ಯಾಕಂದ್ರೆ ಬಿಇಒ (ತಾಲ್ಲೂಕಿನ ಶಿಕ್ಷಣಾಧಿಕಾರಿ) ಆಫೀಸು ಒಂದೇ, ಮೇಷ್ಟ್ರ ಕೊರತೆನೂ ಒಂದೇ ಕಡೆಯಿಂದ ಹಂಚಿಕೆ ಆಗೋದು, ಆಮೇಲೆ ಯಾರೂ "ಅಲ್ಲಿ ಬೇರೆ, ಇಲ್ಲಿ ಬೇರೆ" ಅನ್ನೋ ಹಾಗಿರಬಾರದು.

ರಿಪೋರ್ಟ್ ಕಾರ್ಡಿನ ಒಂದು ತೊಂದರೆ ಅಂದ್ರೆ ಅದು ಹಳೇದು. ಮಕ್ಕಳ ಲೆಕ್ಕ ಸೆಪ್ಟೆಂಬರ್ 30ರ ದಿನಾಂಕಕ್ಕೆ ಹಿಡಿಯೋದು, ಅದು ವೆಬ್‌ಸೈಟಿಗೆ ಬರೋ ಹೊತ್ತಿಗೆ ಮುಂದಿನ ವರ್ಷ ಅರ್ಧ ಮುಗಿದಿರುತ್ತೆ. ಹಾಗಾಗಿ ಪಟ್ಟಿ ಮಾಡ್ಕೊಂಡು ಸಿಆರ್‌ಪಿ (ಸುತ್ತಲ ಸ್ಕೂಲುಗಳನ್ನ ನೋಡ್ಕೊಳ್ಳೋ ಇಲಾಖೆಯವರು) ಹತ್ರ ಕೂತ್ಕೊಂಡೆ. ಸಿಆರ್‌ಪಿಗಳಿಗೆ ಯಾವ ಸ್ಕೂಲಲ್ಲಿ ಯಾವ ಮೇಷ್ಟ್ರು ಯಾವಾಗ ರಿಟೈರ್ ಆದ್ರು, ಯಾರು ಹೆರಿಗೆ ರಜೆ ಮೇಲಿದಾರೆ ಎಲ್ಲಾ ಬಾಯಿಪಾಠ. ಪಾಪ, ಅವರೂ ಮೊದಲು ಅನುಮಾನವಾಗಿ ನೋಡಿದ್ರು, ಯಾವುದಾದ್ರೂ ಆರ್‌ಟಿಐ ಹಾಕ್ತಾನೇನೋ ಇವನು ಅಂತ. ಕೊನೆಗೆ ಮಂಜೂರಾದ ಹುದ್ದೆ ಎಷ್ಟು ಅನ್ನೋದು ಬಾಯಿ ಮಾತಲ್ಲಿ ಬೇಡ, ಕಾಗದದಲ್ಲಿ ಇರಲಿ ಅಂತ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕಿದ್ದೂ ನಿಜ. ಸಿಆರ್‌ಪಿಗೆ ಮೊದಲೇ ಹೇಳಿಯೇ ಹಾಕಿದೆ, ಬೇಜಾರಾಗಬಾರದಲ್ಲ. ಕಾನೂನಲ್ಲಿ ಮೂವತ್ತು ದಿನ ಅಂತಿದೆ, ಉತ್ತರ ಅದಕ್ಕಿಂತ ತಡವಾಗಿ ಬಂತು, ಬಂದಿದ್ದು ಮಾತ್ರ ಪೂರ್ತಿಯಾಗಿತ್ತು.

ಮೊದಲು ದುಡ್ಡು. ಕ್ಯಾಶ್ ಬುಕ್ಕು ಕಂದು ರ‍್ಯಾಪರ್ ಹಾಕಿದ ಉದ್ದನೆ ಪುಸ್ತಕ, ಒಳಗೆ ವೋಚರ್‌ಗಳನ್ನ ಗೋಂದು ಹಚ್ಚಿ ಅಂಟಿಸಿದಾರೆ. ಸೀಮೆಸುಣ್ಣ, ಡಸ್ಟರು, ಫಿನಾಯಿಲು, ಹಾಜರಿ ಪುಸ್ತಕ, ಪ್ರಶ್ನೆಪತ್ರಿಕೆ ಜೆರಾಕ್ಸು, ನಲ್ಲಿ ರಿಪೇರಿ, ಒಂದು ಕಡೆ "ಹೆಂಚು 14, ಕೂಲಿ ಸಹಿತ" ಅಂತ. ಇಡೀ ವರ್ಷದ್ದು ಓದೋಕೆ ಅರ್ಧ ಗಂಟೆ ಸಾಕು. ಸಮಗ್ರ ಶಿಕ್ಷಣ ಅನ್ನೋ ಸರ್ಕಾರಿ ಯೋಜನೆಯಿಂದ ಬರೋ ಸಂಯುಕ್ತ ಶಾಲಾ ಅನುದಾನನೇ ಇದಕ್ಕೆಲ್ಲ ಮೂಲ, ಇದು ಯಾರೋ ಶಿಫಾರಸು ಮಾಡಿ ಕೊಡೋದಲ್ಲ, ಮಕ್ಕಳ ಸಂಖ್ಯೆ ಮೇಲೆ ಸ್ಲ್ಯಾಬು. ಮೂವತ್ತರ ತನಕ 10,000, ಮೂವತ್ತೊಂದರಿಂದ ನೂರರ ತನಕ 25,000, ನೂರೊಂದರಿಂದ ಇನ್ನೂರೈವತ್ತರ ತನಕ 50,000, ಅಲ್ಲಿಂದ ಸಾವಿರದ ತನಕ 75,000, ಆಮೇಲೆ ಒಂದು ಲಕ್ಷ. ಇದರಲ್ಲಿ ಹತ್ತನೇ ಒಂದು ಭಾಗ ಸ್ವಚ್ಛತೆಗೇ ಇಡಬೇಕು. ಆಟದ ಸಾಮಾನಿಗೆ ಬೇರೆ, ಕಿರಿಯ ಪ್ರಾಥಮಿಕಕ್ಕೆ 5,000, ಹಿರಿಯ ಪ್ರಾಥಮಿಕಕ್ಕೆ 10,000.

ಈ ಸ್ಲ್ಯಾಬನ್ನ ಮಕ್ಕಳ ತಲೆ ಲೆಕ್ಕಕ್ಕೆ ಇಳಿಸಿ ನೋಡಿ, ಮಜಾ ಇದೆ. ಮೂವತ್ತು ಮಕ್ಕಳಿರೋ ಸ್ಕೂಲಿಗೆ ತಲೆಗೆ 333 ರೂಪಾಯಿ, ಒಬ್ಬ ಸೇರಿ ಮೂವತ್ತೊಂದಾದ್ರೆ 806. ಅಲ್ಲಿಂದ ಇಳೀತಾ ಇಳೀತಾ ನೂರು ಮಕ್ಕಳಿಗೆ ಬಂದಾಗ 250. ನೂರೊಂದಾದ್ರೆ ಮತ್ತೆ 495. ಇನ್ನೂರೈವತ್ತಕ್ಕೆ 200. ಅಂದ್ರೆ ಸ್ಲ್ಯಾಬಿನ ತುದಿಯಲ್ಲಿ ಕೂತಿರೋ ಸ್ಕೂಲಿಗೆ ಯಾವಾಗ್ಲೂ ನಷ್ಟ, ಆಗಷ್ಟೇ ಸ್ಲ್ಯಾಬು ದಾಟಿದವರಿಗೆ ಲಾಭ. ನಮ್ 97ಕ್ಕೆ ತಲೆಗೆ 258 ಬೀಳುತ್ತೆ, ನಾಲ್ಕು ಕಿಲೋಮೀಟರ್ ಆಚೆ ಇರೋ 104 ಮಕ್ಕಳ ಸ್ಕೂಲಿಗೆ 481. ಸೀಮೆಸುಣ್ಣ, ಬೀಗ, ಟ್ಯಾಂಕ್ ತೊಳೆಸೋದು ಇಬ್ಬರಿಗೂ ಒಂದೇ ಖರ್ಚು. "ಪಕ್ಕದೂರಿಗೆ ಜಾಸ್ತಿ ಕೊಡ್ತಾವ್ರೆ" ಅನ್ನೋದು ಅಲ್ಲಿಗೆ ಸುಳ್ಳಲ್ಲ, ಆದ್ರೆ ಕೊಟ್ಟಿದ್ದು ಎಮ್ಮೆಲ್ಲೆನೂ ಅಲ್ಲ ಬಿಇಒನೂ ಅಲ್ಲ, ಅವರೂರಲ್ಲಿ ಸೇರಿರೋ ಏಳು ಮಕ್ಕಳು ಹೆಚ್ಚು ಅಷ್ಟೇ. ನಮ್ಮೂರಿಂದ ಕಾನ್ವೆಂಟ್ ವ್ಯಾನ್ ಹತ್ತೋ ಮಕ್ಕಳು ಅದಕ್ಕಿಂತ ಜಾಸ್ತಿ ಇದಾರೆ, ಅದರಲ್ಲಿ ಇಬ್ಬರು ಎಸ್‌ಡಿಎಂಸಿಯವರ ಅಣ್ಣತಮ್ಮಂದಿರ ಮಕ್ಕಳು ಅನ್ನೋದನ್ನ ಮೀಟಿಂಗಲ್ಲಿ ನಾನು ಹೇಳ್ಲಿಲ್ಲ, ಎಲ್ಲರಿಗೂ ಗೊತ್ತೇ ಇತ್ತು.

ಅಡುಗೆ ಮನೆಗೂ ಇದೇ ನೂರರ ಗೆರೆ. ಬಿಸಿಯೂಟದ ಲೆಕ್ಕದಲ್ಲಿ ಇಪ್ಪತ್ತೈದು ಮಕ್ಕಳ ತನಕ ಒಬ್ಬರು ಅಡುಗೆಯವರು, ಇಪ್ಪತ್ತಾರರಿಂದ ನೂರರ ತನಕ ಇಬ್ಬರು, ಆಮೇಲೆ ಪ್ರತಿ ನೂರಕ್ಕೆ ಇನ್ನೊಬ್ಬರು. 97 ಮಕ್ಕಳಿಗೆ ನಮ್ಮಲ್ಲಿ ಇಬ್ಬರೇ ಅಮ್ಮಂದಿರು ಅನ್ನ ಸಾಂಬಾರ್ ಮಾಡಿ, ಹಾಲು ಕಾಯಿಸಿ, ಮೊಟ್ಟೆ ಬೇಯಿಸಿ ಸುಲಿದು ಕೊಡ್ತಾರೆ. ಆ 104ರ ಸ್ಕೂಲಲ್ಲಿ ಮೂವರು. ಅಲ್ಲಿ ಅಡುಗೆ ಬೇಗ ಆಗುತ್ತೆ, ನಮ್ಮಲ್ಲಿ ಬೆಲ್ ಹೊಡೆದ್ರೂ ಸಾಂಬಾರ್ ಒಲೆ ಮೇಲೇ ಇರುತ್ತೆ, ಇದಕ್ಕೆ ನಾವು ಎಷ್ಟು ಸಲ ಆ ಅಮ್ಮಂದಿರನ್ನ ಬೈದಿದೀವೋ.

ಇನ್ನು ದುಡ್ಡು ಬರೋದು ಎಷ್ಟು ಅನ್ನೋದಕ್ಕಿಂತ ಯಾವಾಗ ಅನ್ನೋದು ದೊಡ್ಡ ವಿಷಯ. ಮೊದಲಿನ ಥರ ಖಾತೆಗೆ ಬಂದು ಕೂರಲ್ಲ, ಈಗ ಪಿಎಫ್‌ಎಂಎಸ್ ಅನ್ನೋ ಸರ್ಕಾರದ ಆನ್‌ಲೈನ್ ಹಣ ಪಾವತಿ ವ್ಯವಸ್ಥೆಯಲ್ಲಿ ಇಷ್ಟರ ತನಕ ಖರ್ಚು ಮಾಡಬಹುದು ಅಂತ ಲಿಮಿಟ್ ಬರುತ್ತೆ, ಖಾತೆ ಜೀರೋ ಬ್ಯಾಲೆನ್ಸು, ಬಿಲ್ಲು ಹಾಕಿದಾಗಷ್ಟೇ ಮೇಲಿನ ಖಾತೆಯಿಂದ ಅಂಗಡಿಯವರಿಗೆ ಹೋಗೋದು. ಲಿಮಿಟ್ ಬರೋದೇ ಲೇಟು, ಮಾರ್ಚ್ 31ರೊಳಗೆ ಖರ್ಚು ಮಾಡದಿದ್ರೆ ವಾಪಸ್. ಎಂಟು ಸ್ಕೂಲಲ್ಲಿ ಎರಡರಲ್ಲಿ ಬಂದಿದ್ದಕ್ಕೂ ಖರ್ಚಿಗೂ ಭಾರಿ ವ್ಯತ್ಯಾಸ ಕಾಣಿಸ್ತು, ಮೊದಲು ಏನೋ ಗೋಲ್‌ಮಾಲ್ ಇರಬೇಕು ಅಂತ ನಮ್ ಅಧ್ಯಕ್ಷಣ್ಣ ಕಣ್ಣರಳಿಸಿದ್ರು, ವಿಚಾರಿಸಿದ್ರೆ ಗೋಲ್‌ಮಾಲೂ ಇಲ್ಲ ಮಣ್ಣೂ ಇಲ್ಲ, ಅಲ್ಲಿ ಎಚ್‌ಎಂ (ಹೆಡ್ ಮೇಷ್ಟ್ರು) ಹುದ್ದೆ ಖಾಲಿ, ಪ್ರಭಾರದವರಿಗೆ ಆ ಬಿಲ್ ಎಂಟ್ರಿ ಗೊತ್ತಿಲ್ಲ, ದುಡ್ಡು ವಾಪಸ್ ಹೋಯ್ತು. ದುಡ್ಡಿನ ಲೆಕ್ಕ ನೋಡೋಕೆ ಹೋದ್ರೂ ಬಂದು ನಿಲ್ಲೋದು ಮೇಷ್ಟ್ರ ಲೆಕ್ಕದ ಹತ್ರಾನೇ.

ಹಳೇ ವರ್ಷಗಳ ಜೊತೆ ಹೋಲಿಸೋರು ಕರೆಂಟ್ ಬಿಲ್ಲು ಬೇರೆ ತೆಗೆದಿಟ್ಟು ನೋಡಿ. 2023ರ ರಾಜ್ಯೋತ್ಸವದ ದಿನ ಮುಖ್ಯಮಂತ್ರಿ ಸರ್ಕಾರಿ ಸ್ಕೂಲುಗಳಿಗೆ ಕರೆಂಟು, ನೀರು ಉಚಿತ ಅಂತ ಘೋಷಿಸಿದ್ರಲ್ಲ, ಅದಕ್ಕೆ ಮುಂಚೆ 25,000ದಲ್ಲಿ ಬೆಸ್ಕಾಂ ಪಾಲೇ ದೊಡ್ಡದಾಗಿ ಹೋಗ್ತಿತ್ತು. ಹಾಗೇ ಕಾಂಪೌಂಡು. ನಮ್ಮೂರವರು ಹೊಟ್ಟೆ ಉರ್ಕೊಳ್ಳೋ ಪಕ್ಕದೂರ ಸ್ಕೂಲಿನ ಕಾಂಪೌಂಡು ಸ್ಕೂಲಿನ ದುಡ್ಡಲ್ಲಿ ಕಟ್ಟಿದ್ದೇ ಅಲ್ಲ, ಅಲ್ಲಿನ ಗ್ರಾಮ ಪಂಚಾಯ್ತಿ ನರೇಗಾ ಕ್ರಿಯಾ ಯೋಜನೆಗೆ ಸೇರಿಸಿ ಕಟ್ಟಿಸಿದ್ದು. ಅದಕ್ಕೆ ಅರ್ಜಿ ಕೊಡಬೇಕಿರೋದು ಪಂಚಾಯ್ತಿಗೆ, ನಾವು ವರ್ಷಗಟ್ಟಲೆ ಮೇಡಂ ಮೇಲೆ ಕೂಗಾಡ್ತಿದ್ವಿ.

ಈಗ ಮೇಷ್ಟ್ರು. ಅಸಲಿಗೆ ಇಡೀ ಸ್ಕೂಲಿನ ದೊಡ್ಡ ಖರ್ಚು ಇದೇ, ಆದ್ರೆ ಕ್ಯಾಶ್ ಬುಕ್ಕಲ್ಲಿ ಒಂದು ಸಾಲೂ ಇಲ್ಲ. ಸಂಬಳ ಎಚ್‌ಆರ್‌ಎಂಎಸ್ ಅನ್ನೋ ಸರ್ಕಾರಿ ಸಂಬಳದ ಸಾಫ್ಟ್‌ವೇರಲ್ಲಿ ಬಿಇಒ ಆಫೀಸಿಂದ ನೇರವಾಗಿ ಆಗೋದು. ಸೀನಿಯರ್ ಮೇಷ್ಟ್ರೊಬ್ಬರ ಒಂದು ತಿಂಗಳ ಸಂಬಳ ನಮ್ ಸ್ಕೂಲಿನ ಇಡೀ ವರ್ಷದ ಅನುದಾನಕ್ಕಿಂತ ಎಷ್ಟೋ ಜಾಸ್ತಿ. ಹಂಗಾದ್ರೆ ನಾವು ಎಸ್‌ಡಿಎಂಸಿಯವರು 25,000ದ ಫಿನಾಯಿಲ್ ಬಿಲ್ಲಿಗೆ ಎರಡು ಗಂಟೆ ಜಗಳ ಆಡಿ ಎದ್ದು ಬರ್ತೀವಿ, ಲಕ್ಷಗಟ್ಟಲೆ ಬಾಳೋ ಮೇಷ್ಟ್ರ ಹುದ್ದೆ ಒಂದು ಖಾಲಿ ಬಿದ್ದಿದ್ರೆ ನಡಾವಳಿಯಲ್ಲಿ ಒಂದು ಸಾಲು ಬರೆಯಲ್ಲ. ಇಂಗ್ಲೆಂಡಿನ ನನ್ ತಮ್ಮ ಹೇಳೋ ಪ್ರಕಾರ ಅಲ್ಲಿ ಸಂಬಳನೂ ಸ್ಕೂಲಿನ ಬಜೆಟ್ಟಲ್ಲೇ ಇರುತ್ತೆ, ಮುಕ್ಕಾಲು ಪಾಲು ದುಡ್ಡು ಸಿಬ್ಬಂದಿಗೇ ಹೋಗುತ್ತೆ, ಅದಕ್ಕೇ ಅವರ ಮೀಟಿಂಗಲ್ಲಿ ಮೊದಲ ಮಾತು ಸಿಬ್ಬಂದಿದು.

ಆರ್‌ಟಿಇ (ಶಿಕ್ಷಣ ಹಕ್ಕು) ಕಾನೂನಿನ ಕೊನೇಲಿ ಒಂದು ಪಟ್ಟಿ ಇದೆ, ಒಂದರಿಂದ ಐದಕ್ಕೆ ಅರವತ್ತು ಮಕ್ಕಳ ತನಕ ಇಬ್ಬರು ಮೇಷ್ಟ್ರು, ಅರವತ್ತೊಂದರಿಂದ ತೊಂಬತ್ತಕ್ಕೆ ಮೂವರು, ನೂರಿಪ್ಪತ್ತರ ತನಕ ನಾಲ್ವರು. ಆರರಿಂದ ಮೇಲೆ ಮೂವತ್ತೈದು ಮಕ್ಕಳಿಗೆ ಒಬ್ಬರು, ಅದರ ಜೊತೆಗೆ ವಿಜ್ಞಾನ-ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಒಬ್ಬೊಬ್ಬರಾದ್ರೂ ಇರಬೇಕು. ನಮ್ಮಲ್ಲಿ ಒಂದರಿಂದ ಐದಕ್ಕೆ 66 ಮಕ್ಕಳು, ಆರು ಏಳಕ್ಕೆ 31. ಕಾನೂನಿನ ಪ್ರಕಾರ ಆರು ಜನ. ಮಂಜೂರಾತಿ ಐದು. ಐದನ್ನೇ ಹಿಡಿದು ಭಾಗಿಸಿದ್ರೂ ಒಬ್ಬರಿಗೆ ಹತ್ತೊಂಬತ್ತು ಮಕ್ಕಳು ಚಿಲ್ಲರೆ, ರಿಪೋರ್ಟ್ ಕಾರ್ಡ್ ನೋಡಿದೋರು "ಇನ್ನೇನ್ರೀ ಬೇಕು ನಿಮಗೆ, ಕಾನ್ವೆಂಟಲ್ಲೂ ಇಷ್ಟಿಲ್ಲ" ಅಂತಾರೆ.

ಆದ್ರೆ ಒಂದು ದಿನ ಹೋಗಿ ಬಾಗಿಲಲ್ಲಿ ನಿಂತು ನೋಡಿ. ಐದರಲ್ಲಿ ಒಬ್ಬ ಮೇಷ್ಟ್ರು ಒಂದು ವರ್ಷದಿಂದ ಬೇರೆ ಸ್ಕೂಲಿಗೆ ನಿಯೋಜನೆ, ಹುದ್ದೆ ನಮ್ದು, ಸಂಬಳ ನಮ್ ಹುದ್ದೆ ಮೇಲೆ, ಪಾಠ ಅಲ್ಲಿ. ಇನ್ನೊಬ್ಬರು ಪ್ರಭಾರ ಎಚ್‌ಎಂ ಮೇಡಂ, ಎಸ್‌ಎಟಿಎಸ್‌ನಲ್ಲಿ ಮಕ್ಕಳ ಮಾಹಿತಿ ಎಂಟ್ರಿ, ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ವಾಟ್ಸಾಪಲ್ಲಿ "ತುರ್ತು" ಅಂತ ಬರೋ ಮಾಹಿತಿ, ಇಷ್ಟರಲ್ಲಿ ಅವರು ಕ್ಲಾಸಲ್ಲಿ ನಿಲ್ಲೋದು ದಿನಕ್ಕೆ ಎರಡು ಪೀರಿಯಡ್ ಆದ್ರೆ ಹೆಚ್ಚು. ಉಳಿದವರು ಮೂವರು, ಕ್ಲಾಸು ಏಳು. ಒಂದು ಎರಡು ಮೂರು ನಲಿಕಲಿ, ಅದು ಒಟ್ಟಿಗೆ ಕೂರಿಸೋಕೇ ಮಾಡಿರೋದು, ಅಲ್ಲಿಗೆ ಒಬ್ಬ ಟೀಚರ್ ಸರಿ. ನಾಲ್ಕು ಐದು ಒಂದು ರೂಮು, ನಾನು ಹೋದ ದಿನ ಬೋರ್ಡಿನ ಮಧ್ಯೆ ಸೀಮೆಸುಣ್ಣದಲ್ಲಿ ಉದ್ದಕ್ಕೆ ಗೆರೆ ಎಳೆದಿದ್ರು, ಎಡಕ್ಕೆ ನಾಲ್ಕನೇ ಕ್ಲಾಸಿನ ಗುಣಾಕಾರ, ಬಲಕ್ಕೆ ಐದನೇ ಕ್ಲಾಸಿನ ಭಿನ್ನರಾಶಿ, ನನ್ ಮಗಳು ಎಡಗಡೆ ಲೆಕ್ಕ ಮಾಡ್ತಾ ಕೂತಿದ್ಲು, ಕೇಳಿದ್ರೆ "ಅದು ಸುಲಭ ಅಪ್ಪ" ಅಂದ್ಲು. ಆರು ಏಳಕ್ಕೆ ಉಳಿದೊಬ್ಬರು, ಅವರು ಸಮಾಜದವರು, ವಿಜ್ಞಾನ ಗಣಿತ ಮಾಡ್ತಿರೋದು ಅತಿಥಿ ಶಿಕ್ಷಕಿ. ಅತಿಥಿ ಶಿಕ್ಷಕರು ಪ್ರತಿ ವರ್ಷ ಹೊಸದಾಗಿ ಆದೇಶ ಆಗಿ ಬರಬೇಕು, ಅಲ್ಲಿ ತನಕ ಆ ಪಾಠ ಇಲ್ಲ.

ಇದನ್ನೇ ಎಂಟೂ ಸ್ಕೂಲಿಗೆ ಮಾಡಿದೆ. ಮಂಜೂರು ಎಷ್ಟು, ಹೆಸರಿಗೆ ಎಷ್ಟು, ನಿಯೋಜನೆ ಮೇಲೆ ಹೋದೋರು ಬಂದೋರು, ಅತಿಥಿ, ಎಚ್‌ಎಂ ಹುದ್ದೆ ಪ್ರತ್ಯೇಕ ಇದೆಯೋ ಪ್ರಭಾರವೋ, ಕೊನೆಗೆ ಒಂದು ಕಾಲಂ "ಇವತ್ತು ಕ್ಲಾಸಲ್ಲಿ ನಿಲ್ಲೋರು". ಹೆಸರಿನ ಲೆಕ್ಕದಲ್ಲಿ ಒಂಬತ್ತೂ ಸ್ಕೂಲು ಹೆಚ್ಚುಕಮ್ಮಿ ಒಂದೇ ಥರ, ಕೊನೇ ಕಾಲಮ್ಮಲ್ಲಿ ನಾವು ತಳದಿಂದ ಎರಡನೇಯವರು. ನಮಗಿಂತ ಹನ್ನೆರಡು ಮಕ್ಕಳು ಕಮ್ಮಿ ಇರೋ ಒಂದು ಸ್ಕೂಲಲ್ಲಿ ಐದೂ ಜನ ಇದಾರೆ, ಎಚ್‌ಎಂ ಬೇರೆ. ಅದು ಮೇನ್ ರೋಡ್ ಪಕ್ಕ, ಬಸ್ ನಿಲ್ಲುತ್ತೆ, ತುಮಕೂರಿಂದ ಓಡಾಡೋರಿಗೆ ಅನುಕೂಲ. ಅದೊಂದೇ ಕಾರಣ ಅಂತ ಹೇಳಲ್ಲ ನಾನು, ಆದ್ರೆ ರೋಡಿಂದ ದೂರ ಹೋದ ಹಾಗೆಲ್ಲ ಆ ಕೊನೇ ಕಾಲಂ ಸಣ್ಣ ಆಗ್ತಾ ಬಂದಿದ್ದು ಮಾತ್ರ ಪಟ್ಟಿ ನೋಡಿದ ಎಲ್ಲರ ಕಣ್ಣಿಗೂ ಬಿತ್ತು.

ಒಂದೇ ಹಾಳೆ ಮಾಡಿದೆ, ಎರಡೂ ಕಡೆ ಬೇಡ, ಒಂದೇ ಕಡೆ. ಮೀಟಿಂಗಲ್ಲಿ ಓದಿದಾಗ ಯಾರೋ "ನೀವು ಮೇಡಮ್ಮೋರ ಪರ ಬರ್ಕಂಡ್ ಬಂದಿದೀರ" ಅಂದ್ರು, ಅಧ್ಯಕ್ಷಣ್ಣನೇ "ಸುಮ್ಕಿರೋ, ಆರ್‌ಟಿಐ ಉತ್ತರ ಐತೆ ನೋಡಿಲ್ಲಿ" ಅಂತ ಬಾಯಿ ಮುಚ್ಚಿಸಿದ್ರು. ನಿಯೋಜನೆ ರದ್ದು ಮಾಡಿ ಅಂತ ನಡಾವಳಿ ಬರೆದು, ಹಾಳೆ ಲಗತ್ತಿಸಿ, ಎಲ್ಲರೂ ಸಹಿ ಹಾಕಿ ಬಿಇಒ ಆಫೀಸಿಗೆ ಕೊಟ್ಟು ಬಂದ್ವಿ. ಆಫೀಸಲ್ಲಿ ಸಾಹೇಬ್ರು ಹಾಳೆ ಓದಿದ್ರು, ಅದೇ ನನಗೆ ಆಶ್ಚರ್ಯ. ಸಾಮಾನ್ಯವಾಗಿ ಅರ್ಜಿ ತಿರುವಿ ಹಾಕಿ ಸೀಲ್ ಹೊಡೆದು ಕಳಿಸ್ತಾರೆ. ಓದಿ "ನಿಮ್ ಲೆಕ್ಕ ಸರಿಯಾಗಿದೆ, ಆದ್ರೆ ಆ ಮೇಷ್ಟ್ರು ಹೋಗಿರೋ ಸ್ಕೂಲಿನ ಲೆಕ್ಕನೂ ಒಂದ್ಸಲ ನೋಡ್ಕೊಂಡ್ ಬನ್ನಿ" ಅಂದ್ರು.

ನೋಡಿದೆ. ಕಿರಿಯ ಪ್ರಾಥಮಿಕ, 24 ಮಕ್ಕಳು, ಇದ್ದ ಒಬ್ಬರೇ ಮೇಷ್ಟ್ರು ರಿಟೈರ್ ಆಗಿದಾರೆ, ಆ ಜಾಗಕ್ಕೆ ಯಾರೂ ಬಂದಿಲ್ಲ. ನಮ್ಮವರು ಹೋಗದಿದ್ರೆ ಬೀಗ ತೆಗೆಯೋರೂ ಇಲ್ಲ. ಮಕ್ಕಳು ಎಷ್ಟೇ ಕಮ್ಮಿ ಇದ್ರೂ ಇಬ್ಬರು ಮೇಷ್ಟ್ರು ಇರಬೇಕು ಅಂತ ಕಾನೂನು, ಇದ್ದಿದ್ದು ನಮ್ಮಿಂದ ಎರವಲು ತಂದ ಒಬ್ಬರು. ಅಲ್ಲಿನ ಎಸ್‌ಡಿಎಂಸಿ ಅಧ್ಯಕ್ಷೆ ಫೋನ್ ಮಾಡಿ "ಅಣ್ಣಾ, ನಮ್ ಮೇಷ್ಟ್ರನ್ನ ಕಿತ್ಕೋಬೇಡಿ" ಅಂದಾಗ ನಮ್ ಮೇಷ್ಟ್ರು ಕಣಮ್ಮ ಅವರು ಅಂತ ಹೇಳೋಕೆ ಬಾಯಿ ಬರ್ಲಿಲ್ಲ.

ಸದ್ಯಕ್ಕೆ ಆದೇಶ ಆಗಿರೋದು ವಾರಕ್ಕೆ ಮೂರು ದಿನ ಇಲ್ಲಿ, ಮೂರು ದಿನ ಅಲ್ಲಿ. ಅಲ್ಲಿ ಉಳಿದ ಮೂರು ದಿನಕ್ಕೆ ಅತಿಥಿ ಶಿಕ್ಷಕರನ್ನ ಕೊಡ್ತೀವಿ ಅಂದಿದಾರೆ. ಎರಡೂ ಊರಿನ ಎಸ್‌ಡಿಎಂಸಿ ಸೇರಿ ಒಂದೇ ಅರ್ಜಿ ಬರೆದ್ವಿ, ಆ ಕಿರಿಯ ಪ್ರಾಥಮಿಕಕ್ಕೆ ಕಾಯಂ ಹುದ್ದೆ ತುಂಬಿ, ನಮ್ಮವರನ್ನ ಪೂರ್ತಿ ವಾಪಸ್ ಕಳಿಸಿ ಅಂತ, ಈ ಸಲ ಹತ್ತು ಸ್ಕೂಲಿನ ಹಾಳೆ ಲಗತ್ತಿಸಿ ಡಿಡಿಪಿಐ (ಜಿಲ್ಲೆಯ ಶಿಕ್ಷಣ ಇಲಾಖೆ ಉಪನಿರ್ದೇಶಕರು) ಆಫೀಸಿಗೂ ಒಂದು ಪ್ರತಿ. ಮೇಡಂ ಬೇಸಿಗೆ ರಜೆಯಲ್ಲಿ ದಾಖಲಾತಿ ಆಂದೋಲನಕ್ಕೆ ಮನೆಮನೆಗೆ ಹೋಗೋಣ ಅಂತಿದಾರೆ, ನೂರ ಒಂದು ಆಗೋಕೆ ಇನ್ನು ನಾಲ್ಕೇ ಮಕ್ಕಳು ಬೇಕು, ಏಳನೇ ಕ್ಲಾಸಿಂದ ಹೊರಗೆ ಹೋಗೋ ಹದಿನಾರು ಮಕ್ಕಳ ಜಾಗ ಮೊದಲು ತುಂಬಬೇಕು ಅದು ಬೇರೆ ಲೆಕ್ಕ. ಪಂಚಾಯ್ತಿಗೆ ಕಾಂಪೌಂಡ್ ಅರ್ಜಿನೂ ಕೊಟ್ಟಾಯ್ತು.